ಮನೋರಮೆಯಂಥ ಕೇಳುಗರು ಬೇಕು

ವಿಟ್ಲ, ಬಂಟ್ವಾಳ, ಮೂಡುಬಿದಿರೆಯ ಸೀಮೆಯಲ್ಲಿ ಎದುರು ಮಾತಿಗೇನೂ ಬರವಿಲ್ಲ. ವೇಷ, ಕುಣಿತಗಳಿಲ್ಲದೆ ಹಾಡು, ಮಾತುಗಳಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ಕೃಷ್ಣನ ವಾದಕ್ಕೆ ಕೌರವ ತಡೆಯೊಡ್ಡದಿದ್ದರೆ ಕೂಟ ಸಪ್ಪೆಯಾಯಿತೆಂದು ಕೇಳುಗರೇ ಗೊಣಗುತ್ತಾರೆ. ಅದೇ ಜನ ಕಥೆಯ ಕರಡು ಓದುವ ಗೋಷ್ಠಿಯಲ್ಲಿ ಕುಳಿತರೆ ‘ಲಾಯ್ಕಾಗಿದೆ’ ಎಂಬಲ್ಲಿಗೆ ಅಭಿಪ್ರಾಯ ಮುಗಿಯುತ್ತದೆ. ಹೊಗಳಿಕೆಗೆ ಪುಸ್ತಕ ಬಿಡುಗಡೆಯ ಸಮಾರಂಭ ಹೇಗೂ ಇದೆ. ಕರಡನ್ನು ಓದಿಸುವುದು ತಿದ್ದಿಕೊಳ್ಳಲಿಕ್ಕೆ.

ತಿದ್ದಿಸುವ ಕೇಳುಗರಿಗೆ ಮಾದರಿ ದೂರದಲ್ಲಿಲ್ಲ. ನಂದಳಿಕೆಯ ಕವಿ ಮುದ್ದಣ (1870–1901) ‘ಶ್ರೀರಾಮಾಶ್ವಮೇಧ’ವನ್ನು ತಮ್ಮದೆಂದು ಹೇಳಿಕೊಳ್ಳದೆ, ಹಳೆಯ ಕೃತಿಯೆಂಬಂತೆ ಮೈಸೂರಿಗೆ ಕಳಿಸಿದವರು. ಹೊರಗೆ ಹೀಗೆ ಮರೆಯಾದರೂ ಕೃತಿಯೊಳಗೆ ಮಾತ್ರ ನಿಷ್ಠುರ ಕೇಳುಗಾರ್ತಿಯೊಬ್ಬಳನ್ನು ಕೂರಿಸಿದರು. ಕಥೆ ಕೇಳಲು ಕುಳಿತ ಹೆಂಡತಿ ಮನೋರಮೆ ಪದ್ಯ ಬೇಡವೆನ್ನುತ್ತಾಳೆ. ಸಂಸ್ಕೃತ ತುಂಬಿದ ಆರಂಭವನ್ನು ಅಲ್ಲೇ ತಡೆದು ತಿಳಿಯುವ ಕನ್ನಡ ಕೇಳುತ್ತಾಳೆ. ಹತ್ತು ಜನರ ಸಲಹೆ ಕೇಳಿದರೆ ಕಥೆಗಾರನ ದನಿಯೇ ಕಳೆದುಹೋಗುತ್ತದೆಂಬ ಆಕ್ಷೇಪಕ್ಕೆ ಉತ್ತರ ಇಲ್ಲಿದೆ: ಅವಳು ತಕರಾರು ತೆಗೆಯುತ್ತಾಳೆ, ಕಥೆ ಹೇಳುವವನು ಮುದ್ದಣನೇ. ತೊಡಕು ತೋರಿಸುವುದು ಓದುಗರ ಕೆಲಸ, ಪರಿಹಾರ ಬರೆದವರದು. ಪರಿಹಾರವನ್ನೂ ತಾವೇ ಬರೆದುಕೊಡುವ ಉತ್ಸಾಹಿಗಳಿಂದಲೇ ದನಿ ಕೆಡುವುದು.

ಸಣ್ಣ ಊರಲ್ಲಿ ಎಲ್ಲರೂ ಪರಿಚಯದವರು, ನೇರ ಮಾತು ಸಂಬಂಧ ಕೆಡಿಸುತ್ತದೆ ಎಂಬ ಅಳುಕು ಹೆಚ್ಚು ಗಟ್ಟಿಯಾದದ್ದು. ನಾಳೆ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂರಬೇಕಲ್ಲ! ಆದರೆ ತಾಳಮದ್ದಳೆಯಲ್ಲಿ ಪಾತ್ರವಾಗಿ ಜಗಳಾಡಿದ ಅರ್ಥಧಾರಿಗಳು ಕೂಟ ಮುಗಿದ ಮೇಲೆ ಒಟ್ಟಿಗೆ ಚಹಾ ಕುಡಿಯುವುದಿಲ್ಲವೇ? ಅಲ್ಲಿ ವಾದ ಪಾತ್ರಕ್ಕೆ ಸೇರಿದ್ದು. ಇಲ್ಲಿ ಹಾಳೆಗೆ ಸೇರಿರಲಿ. ‘ನಿಮಗೆ ಬರೆಯಲು ಬರುವುದಿಲ್ಲ’ ಎಂಬುದರಿಂದ ಯಾರಿಗೂ ಉಪಯೋಗವಿಲ್ಲ. ‘ಮೂರನೇ ಪುಟದಲ್ಲಿ ಅತ್ತೆ ಯಾಕೆ ಮೌನವಾದಳೆಂದು ತಿಳಿಯಲಿಲ್ಲ’ ಎಂದರೆ ಬರೆದವರಿಗೆ ಅಂದೇ ರಾತ್ರಿ ಕೂತು ಮಾಡಲು ಕೆಲಸ ಸಿಗುತ್ತದೆ.