ಹೂವಿನ ಬುಟ್ಟಿಗೆ ಬಂಡವಾಳ ಹಾಕೋರು ಯಾರು?

ಬೆಳಗ್ಗೆ 900 ರೂಪಾಯಿ ಕೈಗೆ, ಸಂಜೆ 1,000 ವಾಪಸ್ಸು. ಇದಕ್ಕೇ ಮೀಟರ್ ಬಡ್ಡಿ ಅನ್ನೋದು. ಬಸ್ ಸ್ಟ್ಯಾಂಡ್ ಬಾಗಿಲಲ್ಲಿ ಹೂವು, ಸೊಪ್ಪು, ಕಡಲೆಕಾಯಿ ಮಾರುವ ಎಷ್ಟೋ ಹೆಂಗಸರಿಗೆ ಇದೇ ಬ್ಯಾಂಕು. ತಿಂಗಳಿಗೆ 25 ದಿನ ವ್ಯಾಪಾರ ಅಂತಿಟ್ಟುಕೊಂಡರೂ 900ರ ಮೇಲೆ ಬಡ್ಡಿಯೇ 2,500 ಆಯ್ತು. ಅಂಗಡಿ ಯಜಮಾನರೇ, ಇಂಥ ಸಾಲ ತಂದು ನೀವು ಎಷ್ಟು ದಿನ ಬಾಗಿಲು ತೆಗೆದೀರಿ?

ಆಸ್ತಿಯಿಲ್ಲದ ಹೆಂಗಸಿಗೆ ಸಾಲ ಕೊಟ್ಟರೆ ಮುಳುಗಿತು ಅನ್ನೋ ಮಾತು ಹಳೇದು. ಅದು ಸುಳ್ಳು ಅಂತ ತೋರಿಸಿದ್ದರಲ್ಲಿ ನಮ್ಮ ರಾಜ್ಯದ ಹಳ್ಳಿಗಳದೇ ಮೊದಲ ಸಾಲು. 1984-85ರ ಸುಮಾರಿಗೆ ಮೈರಾಡ ಸಂಸ್ಥೆ ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು ಒಡೆದಾಗ ಜನ ತಾವೇ ಸಣ್ಣ ಗುಂಪುಗಳಾದರು. ಕೂಡಿಟ್ಟ ಕಾಸನ್ನು ತಮ್ಮತಮ್ಮಲ್ಲೇ ಸಾಲ ಕೊಟ್ಟುಕೊಂಡರು. ಪಕ್ಕದಲ್ಲಿ ಕೂತವಳಿಗೆ ಮಾತು ತಪ್ಪೋದು ಅಷ್ಟು ಸುಲಭ ಅಲ್ಲ ನೋಡಿ! 1987ರಲ್ಲಿ ನಬಾರ್ಡ್ ಇದಕ್ಕೆ 10 ಲಕ್ಷ ಕೊಟ್ಟಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಸರ್ಕಾರದ ಸ್ತ್ರೀಶಕ್ತಿ ಬಂದದ್ದು ಆಮೇಲೆ, 2000ದಲ್ಲಿ.

ಆದರೆ ಅದೇ ಗುಂಪಿನ ಮರ್ಯಾದೆಯನ್ನು ಹಗ್ಗ ಮಾಡಿಕೊಂಡವರೂ ಬಂದರು. ಒಬ್ಬಳು ಕಂತು ತಪ್ಪಿಸಿದರೆ ಉಳಿದವರೇ ಅವಳ ಮನೆ ಮುಂದೆ ಕೂರಬೇಕು. ಆಂಧ್ರದಲ್ಲಿ 2010ರಲ್ಲಿ ಆದ ಗಲಾಟೆ ಗೊತ್ತೇ ಇದೆ. ನಮ್ಮಲ್ಲೂ ಕಿರುಕುಳ ತಾಳಲಾರದೆ ಜನ ಊರು ಬಿಟ್ಟ ಮೇಲೆ, 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಒಂದು ಮಾತು ಬಿಚ್ಚಿ ಹೇಳಬೇಕು: ಆ ಸಾಲಗಳಲ್ಲಿ ಎಷ್ಟೋ ವ್ಯಾಪಾರಕ್ಕೆ ಹೋಗಿದ್ದೇ ಅಲ್ಲ. ಮದುವೆಗೆ ಹೋಯಿತು, ಆಸ್ಪತ್ರೆಗೆ ಹೋಯಿತು, ಹಳೇ ಸಾಲ ತೀರಿಸೋಕೆ ಹೋಯಿತು. ಸಹಿ ಹೆಂಡತಿದು, ಖರ್ಚು ಗಂಡಂದು. ಇದನ್ನು ಮಹಿಳಾ ಉದ್ಯಮ ಅಂತ ಕರೆಯೋದು ತಮಾಷೆ.

ಬುಟ್ಟಿಗೇ ಬಂಡವಾಳ ಬಿದ್ದರೆ ಕಥೆ ಬೇರೆ. ಉಳಿದ ಆ 100 ರೂಪಾಯಿ ಎಲ್ಲಿಗೆ ಹೋಗುತ್ತೆ? ನಿಮ್ಮ ಅಂಗಡಿಯ ಎಣ್ಣೆಗೆ, ಬೇಳೆಗೆ, ಮಗನ ನೋಟ್ ಬುಕ್ಕಿಗೆ. ಬಡ್ಡಿಯವನ ಜೇಬಿಗಿಂತ ನಿಮ್ಮ ಗಲ್ಲಾ ವಾಸಿಯಲ್ಲವೇ?

ದಾರಿ ಇದೆ. ಬೀದಿ ವ್ಯಾಪಾರಿಗಳಿಗೆ 2020ರಲ್ಲಿ ಬಂದ ಸ್ವನಿಧಿ ಯೋಜನೆಯಲ್ಲಿ ಅಡಮಾನ ಬೇಕಿಲ್ಲ. 10,000 ಇದ್ದ ಮೊದಲ ಸಾಲ 2025ರಲ್ಲಿ 15,000ಕ್ಕೆ ಏರಿತು. ಬೇಕಾದ್ದು ವ್ಯಾಪಾರಿಯ ಗುರುತಿನ ಚೀಟಿ, ಇಲ್ಲವೇ ಊರಿನ ನಗರಾಡಳಿತದ ಶಿಫಾರಸು ಪತ್ರ. ಆಕೆಯ ಹೂವಿನ ಬುಟ್ಟಿ ನಸುಕಿಗೇ ಇಳಿಯುತ್ತೆ, ಕಚೇರಿ ಬಾಗಿಲು ತೆರೆಯೋದು ಹತ್ತಕ್ಕೆ. ಆ ಹೊತ್ತಿಗೆ ವ್ಯಾಪಾರ ಬಿಟ್ಟು ಆಕೆ ಸರದಿ ನಿಲ್ಲಬೇಕೇ? ಸಾಹೇಬರು ಒಂದು ವಾರ ಮೇಜು, ಕುರ್ಚಿ, ಸೀಲು ಹಿಡಿದು ಬಸ್ ಸ್ಟ್ಯಾಂಡಿಗೇ ಬರಲಿ.