ತೋಟ ಮಾರಿದ ಹಣ ಫಸಲಿನ ಪುಟದಲ್ಲಿ

ಅಡಿಕೆ ಸೀಮೆಯ ಯಾವ ಮನೆಯಲ್ಲಿಯಾದರೂ ಹಳೆಯ ಲೆಕ್ಕದ ಪುಸ್ತಕವೊಂದನ್ನು ತೆರೆದು ನೋಡಿರಿ. ಚಾಲಿ ಇಷ್ಟು, ಕೆಂಪಡಿಕೆ ಇಷ್ಟು, ಕಾಳುಮೆಣಸು ಇಷ್ಟು ಎಂದು ವರ್ಷದ ಫಸಲಿನ ಜಮೆ ಒಂದು ಕಡೆ ಇರುತ್ತದೆ. ಮಗಳ ಮದುವೆಗೋ ಸೊಸೈಟಿಯ ಸಾಲಕ್ಕೋ ಅರ್ಧ ಎಕರೆ ತೋಟವನ್ನು ಮಾರಬೇಕಾಗಿ ಬಂದ ವರ್ಷವಿದ್ದರೆ, ಆ ಹಣದ ನಮೂದು ಬೇರೆ ಪುಟದಲ್ಲಿರುತ್ತದೆ. ಬರೆದ ಹಿರಿಯರು ನಾಲ್ಕನೆಯ ಇಯತ್ತೆಯನ್ನು ದಾಟಿರಲಿಕ್ಕಿಲ್ಲ. ಆದರೂ ಫಸಲಿನ ಹಣ ಬೇರೆ, ತೋಟ ಮಾರಿದ ಹಣ ಬೇರೆ ಎಂಬುದರಲ್ಲಿ ಅವರಿಗೆ ಗೊಂದಲವಿರಲಿಲ್ಲ. ಎರಡನ್ನೂ ಕೂಡಿಸಿ ‘ಈ ವರ್ಷ ಆದಾಯ ಇಮ್ಮಡಿಯಾಯಿತು’ ಎಂದು ಯಾರಾದರೂ ಹೇಳಿದ್ದರೆ ಊರು ನಗುತ್ತಿತ್ತು.

ಸರ್ಕಾರದ ಲೆಕ್ಕದಲ್ಲಿ ಈ ಎರಡು ಪುಟಗಳು ಬೇರೆಯಾಗಿಲ್ಲ. ಈ ಲೇಖನದ ತಕರಾರು ಇಷ್ಟೇ. ಆದರೆ ಬೆಟ್ಟದ ಸೀಮೆಯಲ್ಲಿ ಬದುಕುವ ನಮ್ಮ ಪಾಲಿಗೆ ಇದು ಸಣ್ಣ ತಕರಾರಲ್ಲ.

ರಾಜ್ಯದ ಆಯವ್ಯಯದ ಸಂಪುಟಗಳಲ್ಲಿ 0406 ಎಂಬ ಲೆಕ್ಕಶೀರ್ಷಿಕೆಯಿದೆ. ‘ಅರಣ್ಯ ಮತ್ತು ವನ್ಯಜೀವಿ’ ಎಂಬುದು ಅದರ ಹೆಸರು. ಅರಣ್ಯದಿಂದ ಖಜಾನೆಗೆ ಬರುವ ಹಣ ಇಲ್ಲಿಗೆ ಜಮೆಯಾಗುತ್ತದೆ. ಅದರ ಮೊದಲ ಉಪಶೀರ್ಷಿಕೆಯೇ ಮರಮಟ್ಟು ಮತ್ತು ಇತರ ಅರಣ್ಯೋತ್ಪನ್ನಗಳ ಮಾರಾಟ. ಮುಂದೆ ಹೋದರೆ ಪ್ರಾಣಿಸಂಗ್ರಹಾಲಯದ ಜಮೆ ಸಿಗುತ್ತದೆ. ಎಲ್ಲಿಯೂ ಸೇರದ್ದಕ್ಕೆ 800ನೆಯ ಸಂಖ್ಯೆಯ ‘ಇತರ ಜಮೆಗಳು’ ಇದೆ. ಈ 800 ಎಂಬ ಗುಂಡಿಗೆ ಎಲ್ಲವನ್ನೂ ಸುರಿಯುವ ಅಭ್ಯಾಸವನ್ನು ಮಹಾಲೇಖಪಾಲರ ವರದಿಗಳು ಮತ್ತೆ ಮತ್ತೆ ಆಕ್ಷೇಪಿಸಿವೆ. ಗಣಿಯ ಜಮೆಗೆ 0853 ಎಂಬ ಬೇರೆ ಶೀರ್ಷಿಕೆಯಿದೆ. ಎಲ್ಲವೂ ನಗದು ಲೆಕ್ಕ: ಹಣ ಕೈಗೆ ಬಂದ ದಿನ ಜಮೆ, ಕೈಬಿಟ್ಟ ದಿನ ಖರ್ಚು. ಹಣದ ಬದಲಿಗೆ ಕಾಡಿನಿಂದ ಏನು ಹೋಯಿತೆಂದು ಕೇಳುವ ಅಂಕಣ ಈ ಪುಸ್ತಕದಲ್ಲಿಲ್ಲ.

ಸಾಂಖ್ಯಿಕ ಇಲಾಖೆಯ ಕೆಲಸ ಆರಂಭವಾಗುವುದು ಈ ಪುಸ್ತಕಗಳಿಂದಲೇ. ರಾಜ್ಯದಲ್ಲಿ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ, ದೆಹಲಿಯಲ್ಲಿ 2019ರಲ್ಲಿ ಎರಡು ಹಳೆಯ ಕಚೇರಿಗಳನ್ನು ಕೂಡಿಸಿ ರೂಪಿಸಿದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ, ಇವು ಆಯವ್ಯಯದ ಅಂಕಿಗಳನ್ನು ತೆಗೆದುಕೊಂಡು ರಾಜಸ್ವ, ಶುಲ್ಕ, ಖರೀದಿ, ಬಂಡವಾಳ ಎಂದು ಹೊಸದಾಗಿ ವಿಂಗಡಿಸುತ್ತವೆ. ಅಲ್ಲಿನ ನೌಕರರನ್ನು ದೂರುವುದು ನನ್ನ ಉದ್ದೇಶವಲ್ಲ. ವಿಂಗಡಣೆಯ ನಿಯಮ ವಿಶ್ವಸಂಸ್ಥೆಯ ರಾಷ್ಟ್ರೀಯ ಲೆಕ್ಕಪದ್ಧತಿಯಿಂದ ಬಂದದ್ದು. ಅವರು ಅದನ್ನು ಪ್ರಾಮಾಣಿಕವಾಗಿಯೇ ಪಾಲಿಸುತ್ತಾರೆ. ನೋಡಬೇಕಾದದ್ದು ಆ ನಿಯಮವನ್ನು.

ಮೊದಲು ರಾಜಸ್ವ. ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿ ಸ್ಥಾಪನೆಯಾದದ್ದು 1976ರಲ್ಲಿ. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಡಿಸೆಂಬರ್ 31ರಂದು ಗಣಿಗಾರಿಕೆ ನಿಂತಿತು. ಅಷ್ಟು ವರ್ಷಗಳ ಕಾಲ ಗುಡ್ಡವನ್ನು ಅಗೆದು, ಪುಡಿಮಾಡಿ, ನೀರಿನಲ್ಲಿ ಕಲಸಿ ಕೊಳವೆಯ ಮೂಲಕ ಮಂಗಳೂರಿಗೆ ಕಳಿಸಲಾಯಿತು. ಉಳಿದ ರಾಡಿ ಲಕ್ಯಾ ಅಣೆಕಟ್ಟೆಯ ಹಿಂದೆ ಶೇಖರವಾಯಿತು. ಹೀಗೆ ಅದಿರು ತೆಗೆದಾಗ ಸರ್ಕಾರಕ್ಕೆ ಸಲ್ಲುವ ರಾಜಧನವನ್ನು ರಾಷ್ಟ್ರೀಯ ಲೆಕ್ಕಪದ್ಧತಿ ಯಾವ ಗುಂಪಿಗೆ ಸೇರಿಸುತ್ತದೆ ಗೊತ್ತೆ? ಬಾಡಿಗೆ! ಸ್ವತ್ತಿನಿಂದ ಬರುವ ಆದಾಯ ಎಂಬ ಗುಂಪಿನಲ್ಲಿ ಅದು ಬಾಡಿಗೆ ಎನಿಸಿಕೊಳ್ಳುತ್ತದೆ. ಬಾಡಿಗೆಗೆ ಕೊಟ್ಟ ಮನೆಯಾದರೆ ಬಾಡಿಗೆದಾರ ಬಿಟ್ಟುಹೋದ ಮೇಲೂ ಅಲ್ಲಿಯೇ ಇರುತ್ತದೆ. ಅಗೆದ ಗುಡ್ಡ ಅಲ್ಲಿಲ್ಲ. ತುಂಗಾ, ಭದ್ರಾ, ನೇತ್ರಾವತಿಗಳ ಉಗಮವೆಂದು ನಾವು ಹೇಳುವ ಗಂಗಾಮೂಲದ ನೆರೆಯಲ್ಲಿಯೇ ಇದು ನಡೆಯಿತು. ಆದರೆ ಆ ಯಾವ ವರ್ಷದ ಲೆಕ್ಕದಲ್ಲಿಯೂ ‘ಇಷ್ಟು ಅದಿರು, ಇಷ್ಟು ಹುಲ್ಲುಗಾವಲು, ಇಷ್ಟು ಶೋಲಾ ಕಡಿಮೆಯಾಯಿತು’ ಎಂಬ ವಜಾ ಆದಾಯದ ಎದುರಿಗೆ ನಿಲ್ಲಲಿಲ್ಲ. ಕಾರ್ಖಾನೆಯ ಯಂತ್ರ ಸವೆದರೆ ಸವಕಳಿಯೆಂದು ಕಳೆಯುತ್ತಾರೆ. ಗುಡ್ಡ ಸವೆದರೆ ಕಳೆಯುವುದಿಲ್ಲ.

ಆ ಬಾಡಿಗೆಯಾದರೂ ಎಷ್ಟಿತ್ತು? ದೇಶದಲ್ಲಿ 2009ರ ಆಗಸ್ಟ್‌ವರೆಗೆ ಕಬ್ಬಿಣದ ಅದಿರಿಗೆ ಟನ್ನಿಗೆ ಇಷ್ಟು ರೂಪಾಯಿ ಎಂಬ ನಿಗದಿತ ದರವಿತ್ತು, ಶ್ರೇಷ್ಠ ದರ್ಜೆಗೂ 27 ರೂಪಾಯಿಯೇ. ಅನಂತರ ಅದನ್ನು ಬೆಲೆಯ ಶೇಕಡಾ 10ಕ್ಕೆ, 2014ರಲ್ಲಿ ಶೇಕಡಾ 15ಕ್ಕೆ ಏರಿಸಲಾಯಿತು. ಏರಿಸಿದಾಗಲೆಲ್ಲ ರಾಜಸ್ವ ಹೆಚ್ಚಿತೆಂಬ ಸಂತೋಷದ ವರದಿ ಬಂತು. ದರ ಹೆಚ್ಚಿದ್ದು ಒಳ್ಳೆಯದೇ. ಆದರೆ ತೋಟವನ್ನು ಹೆಚ್ಚಿನ ಬೆಲೆಗೆ ಮಾರಿದರೂ ಅದು ಫಸಲಾಗುವುದಿಲ್ಲವಲ್ಲ.

ಇನ್ನು ಬಳಕೆದಾರರ ಶುಲ್ಕ. ಅಭಯಾರಣ್ಯಕ್ಕೆ ಹೋದವರು ಪ್ರವೇಶದ ಚೀಟಿ ತೆಗೆದುಕೊಳ್ಳುತ್ತಾರೆ, ಜೀಪಿಗೆ ಬೇರೆ, ಕ್ಯಾಮೆರಾಕ್ಕೆ ಬೇರೆ. ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಈ ಹಣ ಖಜಾನೆಗೆ ಹೋಗದೆ ಪ್ರತಿಷ್ಠಾನದಲ್ಲಿಯೇ ಉಳಿಯಲು ಅವಕಾಶವಿದೆ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2006ರಲ್ಲಿ ಸೇರಿಸಿದ 38 ಎಕ್ಸ್ ಕಲಮು ಅದಕ್ಕಾಗಿಯೇ ಹುಲಿ ಸಂರಕ್ಷಣಾ ಪ್ರತಿಷ್ಠಾನಗಳನ್ನು ಸೃಷ್ಟಿಸಿತು. ಸ್ಥಳೀಯ ಕೆಲಸಕ್ಕೆ ಹಣ ಸ್ಥಳದಲ್ಲಿಯೇ ಸಿಗಲಿ ಎಂಬ ಆಶಯ ಸರಿಯಾದದ್ದು. ಆದರೆ 0406ನ್ನು ಮಾತ್ರ ನೋಡಿ ಭದ್ರಾದಿಂದ, ಕಾಳಿಯಿಂದ, ಬಂಡೀಪುರದಿಂದ ಎಷ್ಟು ಶುಲ್ಕ ಬಂತೆಂದು ತಿಳಿಯಲು ಹೊರಟವರಿಗೆ ಪೂರ್ಣ ಉತ್ತರ ಸಿಗುವುದಿಲ್ಲ.

ಸಾಂಖ್ಯಿಕ ವಿಂಗಡಣೆಯಲ್ಲಿ ಈ ಶುಲ್ಕಕ್ಕೆ ಇನ್ನೊಂದು ಗತಿಯಿದೆ. ಇಲಾಖೆಯ ಸೇವೆಗೆ ಮಾರುಕಟ್ಟೆಯ ಬೆಲೆಯಿಲ್ಲದ ಕಾರಣ ಅದರ ಮೌಲ್ಯವನ್ನು ಖರ್ಚಿನಿಂದ ಕಟ್ಟುತ್ತಾರೆ: ಸಂಬಳ, ಖರೀದಿಸಿದ ಸಾಮಾನು ಮತ್ತು ಸೇವೆ, ಸವಕಳಿ. ಇದರಿಂದ ಶುಲ್ಕದ ಜಮೆಯನ್ನು ಕಳೆದರೆ ಉಳಿಯುವುದು ಸರ್ಕಾರದ ಬಳಕೆ. ಶುಲ್ಕ ಕೊಟ್ಟ ಭಾಗ ಪ್ರವಾಸಿ ಕುಟುಂಬಗಳ ಬಳಕೆಯಾಗುತ್ತದೆ. ಹಣ ಕೊಟ್ಟು ಕಾಡನ್ನು ನೋಡಿದವನು ಹೀಗೆ ರಾಷ್ಟ್ರದ ಲೆಕ್ಕದಲ್ಲಿ ಬಳಕೆದಾರನಾಗಿ ದಾಖಲಾಗುತ್ತಾನೆ. ಹಣ ಕೊಡದೆ ಅದರೊಡನೆ ಬದುಕಿದವನು ದಾಖಲಾಗುವುದಿಲ್ಲ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮ ಗ್ರಾಮದ ಬೆಟ್ಟದಿಂದ ವರ್ಷಕ್ಕೆ ಏನೇನು ಬರುತ್ತದೆಂದು ತಿಳಿಯುವ ಹುಚ್ಚಿನಿಂದ ಹಿಂದೊಮ್ಮೆ ಕಚೇರಿಯೊಂದಕ್ಕೆ ಹೋಗಿದ್ದೆ. ಗುಮಾಸ್ತರು ಸಜ್ಜನರು. ವಹಿಯನ್ನು ತೆರೆದು ತೋರಿಸಿದರು. ಉಪ್ಪಾಗೆ, ಸೀಗೆ, ಅಂಟುವಾಳದ ಹರಾಜಿನ ಮೊತ್ತವಿತ್ತು. ತೋಟಕ್ಕೆ ಹೊರುವ ಸೊಪ್ಪು, ದರಕು, ಕೊಟ್ಟಿಗೆಗೆ ಹಾಸುವ ಹುಲ್ಲು ಎಲ್ಲಿದೆಯೆಂದು ಕೇಳಿದೆ. ‘ಅದಕ್ಕೆ ಶುಲ್ಕವಿಲ್ಲವಲ್ಲ ಸ್ವಾಮಿ, ಕಾಲಮ್ಮೂ ಇಲ್ಲ’ ಎಂದರು. ಉತ್ತರ ಕನ್ನಡದ ಸೊಪ್ಪಿನಬೆಟ್ಟಗಳನ್ನು ಬಲ್ಲವರಿಗೆ ಈ ಉತ್ತರದ ಭಾರ ತಿಳಿಯುತ್ತದೆ. ತಲೆಮಾರುಗಳಿಂದ ತೋಟಗಳನ್ನು ಹಿಡಿದಿಟ್ಟದ್ದು ಆ ಸೊಪ್ಪು. ಉಪ್ಪಾಗೆಯದೂ ಅರ್ಧ ಸತ್ಯವೇ. ವಹಿಯಲ್ಲಿರುವುದು ಗುತ್ತಿಗೆದಾರ ಕೊಟ್ಟ ಹರಾಜಿನ ಹಣ. ಮಳೆಯಲ್ಲಿ ಮರ ಹತ್ತಿ ಕೊಯ್ದು, ರಾತ್ರಿಯೆಲ್ಲ ಒಲೆಯ ಮೇಲೆ ಒಣಗಿಸಿದ ಮನೆಯವರ ದುಡಿಮೆಯಲ್ಲ. ಸಾಂಖ್ಯಿಕ ಇಲಾಖೆ ಸೌದೆಯ ವಿಷಯದಲ್ಲಿ ಇಷ್ಟು ಕುರುಡಲ್ಲ ಎಂಬುದನ್ನೂ ಹೇಳಬೇಕು. ಅರಣ್ಯ ಇಲಾಖೆಯ ದಾಖಲೆ ಸಾಲದೆಂದು ಅರಿತು, ಮನೆಮನೆಯ ಬಳಕೆಯ ಸಮೀಕ್ಷೆಯಿಂದ ಸೌದೆಯ ಮೌಲ್ಯವನ್ನು ಅಂದಾಜು ಮಾಡುವ ಕ್ರಮವನ್ನು ಅದು ಅನುಸರಿಸಿದೆ. ಸೌದೆಗೆ ಸಾಧ್ಯವಾದದ್ದು ಸೊಪ್ಪಿಗೇಕೆ ಸಾಧ್ಯವಾಗಬಾರದು?

ಖರೀದಿಯ ಕಡೆಗೆ ಬಂದರೆ ಚಿತ್ರ ಇನ್ನೂ ವಿಚಿತ್ರ. ಸೇವೆಯ ಮೌಲ್ಯ ಖರ್ಚಿಗೆ ಸಮ ಎಂದ ಮೇಲೆ, ಹೆಚ್ಚು ಖರೀದಿಸಿದ ಇಲಾಖೆ ಹೆಚ್ಚು ಸೇವೆ ಮಾಡಿದಂತಾಗುತ್ತದೆ. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಡೀಸೆಲ್ಲು, ಬಾಡಿಗೆಯ ವಾಹನ, ದಿನಗೂಲಿ ಎಲ್ಲವೂ ಮೌಲ್ಯಕ್ಕೆ ಸೇರುತ್ತವೆ. ಊರಿನವರೇ ಸರದಿಯಲ್ಲಿ ಕಾದು ಬೆಂಕಿ ಬೀಳದಂತೆ ನೋಡಿಕೊಂಡ ವರ್ಷದಲ್ಲಿ ಅಷ್ಟು ಮೌಲ್ಯ ಕಡಿಮೆ.

ನೆಡುತೋಪಿನ ಲೆಕ್ಕವನ್ನು ಗಮನಿಸಿರಿ. ಮನುಷ್ಯ ನೆಟ್ಟು ಬೆಳೆಸಿ ಮತ್ತೆ ಮತ್ತೆ ಉತ್ಪನ್ನ ಪಡೆಯುವ ಮರವನ್ನು ಲೆಕ್ಕಪದ್ಧತಿ ಉತ್ಪಾದಿತ ಬಂಡವಾಳವೆನ್ನುತ್ತದೆ. ಕಡಿದು ಮಾರಲೆಂದೇ ನೆಟ್ಟದ್ದು ಬೆಳೆಯುತ್ತಿರುವ ಸರಕಿನ ದಾಸ್ತಾನು. ಎರಡೂ ಹೂಡಿಕೆಯೇ. ತಾನಾಗಿ ಬೆಳೆದ ಕಾನು ಉತ್ಪಾದಿತವಲ್ಲ. ಕಾನು ಕಡಿದರೆ ಮರಮಟ್ಟಿನ ಜಮೆ. ಆ ಜಾಗದಲ್ಲಿ ಅಕೇಶಿಯಾ ನೆಟ್ಟರೆ ಹೂಡಿಕೆ. ಎರಡೂ ಅಧಿಕವೇ, ನಷ್ಟದ ಸಾಲು ಎಲ್ಲಿಯೂ ಇಲ್ಲ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಆದರೂ ಅದಕ್ಕೆ ನೀಡಿದ್ದ ಅರಣ್ಯಭೂಮಿಯ ಗುತ್ತಿಗೆಯನ್ನು, ಸುಮಾರು 20 ಸಾವಿರ ಹೆಕ್ಟೇರನ್ನು, 2020ರಲ್ಲಿ ಮತ್ತೆ 40 ವರ್ಷ ಮುಂದುವರಿಸುವ ನಿರ್ಧಾರವಾದಾಗ ಶಿವಮೊಗ್ಗ ಸೀಮೆಯ ಜನ ಬೀದಿಗಿಳಿದರು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಕೂಗಿದವರ ಕೈಯಲ್ಲಿ ಬತ್ತಿದ ಒರತೆಗಳ ಅನುಭವವಿತ್ತು, ಅಂಕಿಯಿರಲಿಲ್ಲ. ಗುತ್ತಿಗೆಯ ಪರವಾಗಿದ್ದವರ ಬಳಿ ಅಂಕಿಯಿತ್ತು. ಇಂತಹ ಮಾತುಕತೆಯಲ್ಲಿ ಅಂಕಣವಿಲ್ಲದವನ ಮಾತು ಅಹವಾಲೆನಿಸುತ್ತದೆ, ಅಂಕಣವಿದ್ದವನ ಮಾತು ವರದಿಯೆನಿಸುತ್ತದೆ.

ಕಾಡನ್ನು ಬೇರೆ ಉಪಯೋಗಕ್ಕೆ ಬಿಟ್ಟುಕೊಡುವಾಗ ಪಡೆಯುವ ‘ನಿವ್ವಳ ಪ್ರಸ್ತುತ ಮೌಲ್ಯ’ವನ್ನು ಕೆಲವರು ಉತ್ತರವೆಂದು ಮುಂದಿಡುತ್ತಾರೆ. ಸುಪ್ರೀಂ ಕೋರ್ಟು 2008ರಲ್ಲಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿವರೆಗೆ ಅದರ ದರವನ್ನು ಒಪ್ಪಿತು. 2022ರಲ್ಲಿ ದರ ಪರಿಷ್ಕರಣೆಯಾಯಿತು. ಹೀಗೆ ಕೂಡಿದ ಪರಿಹಾರಾತ್ಮಕ ಅರಣ್ಯೀಕರಣದ ಹಣದಲ್ಲಿ 47 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಮೊತ್ತವನ್ನು 2019ರ ಆಗಸ್ಟಿನಲ್ಲಿ ಕೇಂದ್ರವು ರಾಜ್ಯಗಳಿಗೆ ಹಂಚಿತು. ರಾಜ್ಯಗಳಿಗೆ ಕೊಡುಗೆ ಸಿಕ್ಕಿತೆಂಬ ಧಾಟಿಯಲ್ಲಿ ಸುದ್ದಿ ಬಂತು. 2016ರ ಕಾನೂನು ಈ ಹಣವನ್ನು ಸಾರ್ವಜನಿಕ ಲೆಕ್ಕದ ಬಡ್ಡಿ ಬರುವ ಭಾಗದಲ್ಲಿ, ಎಂದರೆ ರಾಜಸ್ವದಿಂದ ಬೇರೆಯಾಗಿ, ಇಡಬೇಕೆಂದದ್ದು ಮೆಚ್ಚತಕ್ಕದ್ದು. ಒಂದು ಕಡೆಯಾದರೂ ತೋಟ ಮಾರಿದ ಹಣಕ್ಕೆ ಬೇರೆ ಪುಟ ಸಿಕ್ಕಿತು. ಆದರೆ ಆ ಪುಟದಲ್ಲಿಯೂ ಹಣವಿದೆಯೇ ಹೊರತು, ಯಾವ ಕಣಿವೆಯ ಎಷ್ಟು ಕಾಡು ಹೋಗಿ ಆ ಹಣ ಬಂತೆಂಬುದಿಲ್ಲ.

ನಿಯಮಗಳು ಬದಲಾಗುತ್ತಿವೆ ಎಂಬುದೂ ನಿಜ. ಪರಿಸರದ ಲೆಕ್ಕಕ್ಕೆ ವಿಶ್ವಸಂಸ್ಥೆ 2012ರಲ್ಲಿಯೇ ಪ್ರತ್ಯೇಕ ಚೌಕಟ್ಟನ್ನು ಒಪ್ಪಿತು. ಕೇಂದ್ರದ ಸಾಂಖ್ಯಿಕ ಮಂತ್ರಾಲಯ 2018ರಿಂದ ಆ ಚೌಕಟ್ಟಿನ ವರದಿಗಳನ್ನು ಹೊರತರುತ್ತಿದೆ. 2025ರ ಮಾರ್ಚಿನಲ್ಲಿ ಒಪ್ಪಿಗೆಯಾದ ಹೊಸ ರಾಷ್ಟ್ರೀಯ ಲೆಕ್ಕಪದ್ಧತಿ, ನಿಸರ್ಗ ಸಂಪತ್ತು ಬರಿದಾಗುವುದನ್ನು ಉತ್ಪಾದನೆಯ ವೆಚ್ಚವೆಂದು ಪರಿಗಣಿಸಿ ನಿವ್ವಳ ಉತ್ಪನ್ನದಿಂದ ಕಳೆಯಬೇಕೆನ್ನುತ್ತದೆ. ನಮ್ಮ ಹಿರಿಯರ ಲೆಕ್ಕದ ಪುಸ್ತಕಕ್ಕೆ ಬರಲು ಇಷ್ಟು ವರ್ಷ ಬೇಕಾಯಿತು! ಕಾದು ನೋಡಬೇಕಾದದ್ದು ಇಷ್ಟೇ: ಪತ್ರಿಕೆಗಳೂ ಮಂತ್ರಿಗಳೂ ಹೇಳುವುದು ‘ಒಟ್ಟು’ ಉತ್ಪನ್ನವನ್ನು. ಕಳೆಯುವ ಕೆಲಸ ನಡೆಯುವುದು ‘ನಿವ್ವಳ’ದಲ್ಲಿ, ಅದನ್ನು ಓದುವವರು ವಿರಳ.

ಅದೇ 2025ರ ಸೆಪ್ಟೆಂಬರಿನಲ್ಲಿ ಮಂತ್ರಾಲಯ ಅರಣ್ಯಕ್ಕೆಂದೇ ಒಂದು ಲೆಕ್ಕವನ್ನು ಪ್ರಕಟಿಸಿತು. ಅದರಂತೆ 2021-22ರಲ್ಲಿ ಕಾಡಿನಿಂದ ತೆಗೆದ ವಸ್ತುಗಳ ಮೌಲ್ಯ ಸುಮಾರು 38 ಸಾವಿರ ಕೋಟಿ ರೂಪಾಯಿ. ಕಾಡು ಇಂಗಾಲವನ್ನು ಹಿಡಿದಿಟ್ಟ ಸೇವೆಯ ಮೌಲ್ಯ ಸುಮಾರು 6.2 ಲಕ್ಷ ಕೋಟಿ. ಎಂದರೆ ಸುಮ್ಮನೆ ನಿಂತ ಕಾಡು, ತೆಗೆದು ಮಾರಿದ ಕಾಡಿಗಿಂತ ಹದಿನಾರು ಪಾಲು ಬೆಲೆಯುಳ್ಳದ್ದೆಂದು ಸರ್ಕಾರದ ಕಚೇರಿಯೇ ಹೇಳಿದೆ. ಈ ಅಂಕಿಯನ್ನು ನಾವು ಸಭೆಗಳಲ್ಲಿ ಬಳಸಬೇಕು. ಆದರೂ ನನಗೆ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಸರ್ಕಾರದ ‘ಅರಣ್ಯ ಹೊದಿಕೆ’ಯ ವ್ಯಾಖ್ಯೆಯಲ್ಲಿ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇಕಡಾ 10ರಷ್ಟು ನೆರಳುಳ್ಳ ಎಲ್ಲ ಭೂಮಿಯೂ ಸೇರುತ್ತದೆ, ಒಡೆತನ ಯಾರದು, ಮರ ಯಾವುದು ಎಂಬುದನ್ನು ಅದು ಕೇಳುವುದಿಲ್ಲ. ರಬ್ಬರೂ ಕಾಫಿಯೂ ಕಾನೂ ಒಂದೇ ಹಸಿರು. ಅಲ್ಲದೆ ಬೆಲೆ ಕಟ್ಟುವುದೇ ಪರಿಹಾರವೆಂದೂ ನಾನು ಹೇಳುತ್ತಿಲ್ಲ. ಬೆಲೆ ಬರೆದ ವಸ್ತುವಿಗೆ ಗಿರಾಕಿ ಬೇಗ ಸಿಗುತ್ತಾನೆ.

ನಾವು ಕೇಳಬೇಕಾದದ್ದು ರೂಪಾಯಿಗೆ ಮೊದಲು ವಸ್ತುವಿನ ಲೆಕ್ಕವನ್ನು. ರಾಜ್ಯದ ಸಾಂಖ್ಯಿಕ ನಿರ್ದೇಶನಾಲಯ ಮಲೆನಾಡಿನ ಪ್ರತಿ ತಾಲ್ಲೂಕಿಗೂ ವರ್ಷಾರಂಭದಲ್ಲಿ ಇದ್ದ ಕಾನು, ಬೆಟ್ಟ, ಹುಲ್ಲುಗಾವಲು, ನೆಡುತೋಪು ಎಷ್ಟೆಷ್ಟು ಹೆಕ್ಟೇರು, ವರ್ಷಾಂತ್ಯಕ್ಕೆ ಎಷ್ಟೆಷ್ಟು ಎಂದು ಬೇರೆಬೇರೆಯಾಗಿ ಪ್ರಕಟಿಸಲಿ. 0406 ಮತ್ತು 0853ರ ಜಮೆಯನ್ನು ಆ ಕೋಷ್ಟಕದ ಪಕ್ಕದಲ್ಲಿಯೇ ಮುದ್ರಿಸಲಿ. ಖಜಾನೆಯ ಹೊರಗೆ ಉಳಿಯುವ ಪ್ರತಿಷ್ಠಾನಗಳ ಶುಲ್ಕವೂ ಅಲ್ಲಿಯೇ ಕಾಣಲಿ. ಇದಕ್ಕೆ ಹೊಸ ಕಾನೂನು ಬೇಡ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ಕೆಲಸವೂ ಇದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಗಿಡಮರಗಳ ಹೆಸರಿನ ಪಟ್ಟಿಯಾಗಿ ಮುಗಿದು ಕಪಾಟು ಸೇರಿದ ದಾಖಲೆಗಳೇ ಹೆಚ್ಚು. ಅದರ ಕೊನೆಯ ಹಾಳೆಗಳಲ್ಲಿ ನಾಲ್ಕು ಅಂಕಣಗಳನ್ನು ಗೆರೆಯೆಳೆದು, ಬೆಟ್ಟದಿಂದ ಬಂದ ಸೊಪ್ಪಿನ ಹೊರೆ, ಒಣಗಿದ ಉಪ್ಪಾಗೆಯ ಕಿಲೋ, ಊರ ಹಳ್ಳ ಯಾವ ತಿಂಗಳವರೆಗೆ ಹರಿಯಿತು, ಬೆಂಕಿ ಕಾದವರ ದಿನಗಳು ಎಷ್ಟು ಎಂಬುದನ್ನು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ಊರಿನಲ್ಲಿ ಈ ದೀಪಾವಳಿಯಿಂದ ಆರಂಭಿಸುವುದೆಂದು ಏಳು ಮನೆಗಳವರು ಒಪ್ಪಿದ್ದೇವೆ. ಹೊರೆಯ ತೂಕ ಮನೆಯಿಂದ ಮನೆಗೆ ಬೇರೆಯಾಗುವ ಕಾರಣ, ಮೊದಲ ತಿಂಗಳು ತಕ್ಕಡಿ ಮನೆಮನೆಗೆ ತಿರುಗಲಿದೆ.