ತಾಂಡೇಲರ ನಂತರ ಯಾರು?

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆಗ ಮಲ್ಪೆಯಲ್ಲಿ ಬಲೆ ರಿಪೇರಿಯ ಕಾಲ. ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಹರಿದ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುವವರಲ್ಲಿ ತಲೆ ನರೆತವರೇ ಹೆಚ್ಚು. ಮಕ್ಕಳು ಓದಿ ಮುಂಬೈಗೋ ಕೊಲ್ಲಿ ದೇಶಕ್ಕೋ ಹೋದರು. ಅದನ್ನು ದೂರುವ ಹಕ್ಕು ನಮಗಿಲ್ಲ. ತಮ್ಮ ಪಾಡು ಮಕ್ಕಳಿಗೆ ಬೇಡವೆಂದು ಫೀಸು ಕಟ್ಟಿದವರು ಈ ಅಪ್ಪಂದಿರೇ.

ಬೋಟುಗಳೇನೂ ನಿಂತಿಲ್ಲ. ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರು ಬಂದಿದ್ದಾರೆ. 2020ರ ಲಾಕ್‌ಡೌನಿನಲ್ಲಿ ಊರಿಗೆ ಹೋದ ಅವರು ಮರಳುವುದು ತಡವಾದಾಗ, ಎಷ್ಟೋ ಬೋಟುಗಳು ಬಂದರಿನ ದಕ್ಕೆ ಬಿಡಲಾಗದೆ ಉಳಿದವು.

ನನ್ನ ಆತಂಕ ಬೋಟು ನಡೆಸುವ ತಾಂಡೇಲನ ಬಗ್ಗೆ. ಅಡುಗೆ ಮಾಡಿಕೊಂಡು ಬೋಟು ಹತ್ತಿದ ಹುಡುಗ ಕಲಾಸಿಯಾಗಿ, ವರ್ಷಗಟ್ಟಲೆ ಹಿರಿಯರ ಪಕ್ಕ ನಿಂತು ಚುಕ್ಕಾಣಿ ಹಿಡಿಯುತ್ತಿದ್ದ. ನೀರಿನ ಬಣ್ಣದಲ್ಲಿ ಬಂಗುಡೆಯ ಹಿಂಡು ಕಾಣುವುದು, ಗಾಳಿ ತಿರುಗಿದರೆ ಯಾವ ಅಳಿವೆಯೊಳಗೆ ನುಗ್ಗಬೇಕೆಂದು ತೀರ್ಮಾನಿಸುವುದು, ಇವೆಲ್ಲ ಹಾಗೆ ಬಂದ ವಿದ್ಯೆ. ಮಳೆಗಾಲದಲ್ಲಿ ನಾಡದೋಣಿಯವರು ತೂಫಾನ್‌ಗೆ ಕಾಯುತ್ತಾರೆ. ಕಡಲು ಒಮ್ಮೆ ಕಲಕಿ ತಣ್ಣಗಾದ ಮೇಲೆ ಸಿಗಡಿ ದಡದ ಹತ್ತಿರ ಬರುತ್ತದೆ. ಯಾವತ್ತು ದೋಣಿ ಇಳಿಸಬೇಕು? ಅದಕ್ಕೆ ಇವತ್ತಿಗೂ ಹಿರಿಯರ ಮಾತೇ ಆಧಾರ.

ದಡದಿಂದ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ ಊರಿಗೆ ಊರೇ ಹಗ್ಗ ಎಳೆಯುತ್ತಿತ್ತು. ಮುದುಕರ ಬೆನ್ನಿಗೇ ಹುಡುಗರು, ಎಳೆದವರಿಗೆಲ್ಲ ಪಾಲು. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ಬೋಟುಗಳು ಬಂದು ಆ ವ್ಯವಸ್ಥೆ ಕುಸಿಯಿತು. ಈಗ ಹೊರರಾಜ್ಯದಿಂದ ಬಂದವನು ಬಹುಮಟ್ಟಿಗೆ ಸಂಬಳದಾಳು. ಮುಂದಿನ ವರ್ಷ ಇದೇ ಬೋಟಿಗೆ ಬರುವ ಖಾತ್ರಿಯಿಲ್ಲ. ಹಾಗಾಗಿ ಅವನಿಗೆ ಕೆಲಸ ಹೇಳುವವರಿದ್ದಾರೆ, ವಿದ್ಯೆ ಕಲಿಸುವವರಿಲ್ಲ; ನಮ್ಮವನೆಂದು ಎಣಿಸುವವರೂ ಇಲ್ಲ.

2018ರ ಡಿಸೆಂಬರಿನಲ್ಲಿ ಮಲ್ಪೆಯ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಅವರಲ್ಲಿ ಐವರು ಉತ್ತರ ಕನ್ನಡದವರು. ಹುಡುಕಿಕೊಡಿ ಎಂದು ಮೀನುಗಾರರು ಹೆದ್ದಾರಿಗಿಳಿದರು; ಮುಂದಿನ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಕಡಲಲ್ಲಿ ಬೋಟಿನ ಅವಶೇಷ ಸಿಕ್ಕಿತು. ಜಾರ್ಖಂಡಿನ ಹಳ್ಳಿಯೊಂದರ ಹುಡುಗ ಕಡಲಪಾಲಾದರೆ ಇಲ್ಲಿ ಅವನಿಗಾಗಿ ಬೀದಿಗಿಳಿಯುವವರು ಯಾರು? ಅವನನ್ನು ನಮ್ಮವನೆಂದು ಎಣಿಸದೆ ಈ ಕಸುಬು ಉಳಿಯುವ ದಾರಿ ನನಗಂತೂ ಕಾಣುತ್ತಿಲ್ಲ.

ಆಗಸ್ಟ್ 1ಕ್ಕೆ ಮೊದಲು ಈ ಹುಡುಗರು ಬಂದರಿಗೆ ಮರಳುತ್ತಾರೆ. ಕಲಿಕೆ ಶುರುಮಾಡಲು ಕಡಲಿಗಿಳಿಯುವ ಮುಂಚಿನ ಆ ವಾರವೇ ಸಾಕು. ಆಳಸಮುದ್ರ ಬಿಟ್ಟ ತಾಂಡೇಲರಿಗೆ ಮೀನುಗಾರಿಕೆ ಇಲಾಖೆ ಗೌರವಧನ ಕೊಟ್ಟು, ಹಿಂದಿ, ಒಡಿಯಾ ಬಲ್ಲವರನ್ನು ಜೊತೆಗಿಟ್ಟು, ಈಜು, ವೈರ್‌ಲೆಸ್, ಗಾಳಿಯ ಗುರುತುಗಳನ್ನು ಕಲಿಸಲಿ. ಒಂದೇ ಬೋಟಿನಲ್ಲಿ ಮೂರು ವರ್ಷ ನಿಂತವನಿಗೆ ಸಂಬಳದ ಜೊತೆ ಹಿಡಿದ ಮೀನಿನಲ್ಲೂ ಪಾಲು ಬರುವಂತೆ ಮಾಲಕರ ಸಂಘಗಳು ಈ ಋತುವಿನಲ್ಲೇ ತೀರ್ಮಾನಿಸಲಿ.